ಮುದ್ದೆ ಮಿಷನ್ನಿನ ವೈದ್ಯ

ದಕ್ಷನ ಯಜ್ಞವನ್ನು ಹಾಳುಗೆಡವಲು ಶಿವನ ಜಟೆಯಿಂದ ಹುಟ್ಟಿ ಬಂದವನು ವೀರಭದ್ರ. ನಮ್ಮೂರ ವೀರಭದ್ರಸ್ವಾಮಿ ಹುಟ್ಟಿದ್ದು ಹುಣಸೂರಿನ ಹೆರಿಗೆ ಆಸ್ಪತ್ರೆಯಲ್ಲಿ. ಹಾಳುಗೆಡವುವ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆ ವೀರಭದ್ರನಿಗೆ ಒಂದು ಯಜ್ಞ ಕೆಡಿಸಿದ ಮೇಲೆ ಸಮಾಧಾನವಾಯಿತು. ಇವನು ತನ್ನ ಮನೆಯ ಗೋಡೆ ಗಡಿಯಾರ, ಪಂಪ್ ಸ್ಟೌ, ಇಸ್ತ್ರಿಪೆಟ್ಟಿಗೆಗಳನ್ನು ಮುಗಿಸಿ, ನೆರೆಮನೆಯವರ ರೇಡಿಯೋ ಮುಗಿಸಿ, ದೇವಸ್ಥಾನದ ಮೈಕ್‌ಸೆಟ್ಟನ್ನೂ ಮುಗಿಸಿ ಇನ್ನೂ ತೃಪ್ತನಾಗಿರಲಿಲ್ಲ. ಕೈಗೆ ಸ್ಕ್ರೂಡ್ರೈವರ್ ಬಂದರೆ ಸಾಕು, ಅವನ ಮುಖದಲ್ಲಿ ಒಂದು ಕಾಂತಿ ಮೂಡುತ್ತಿತ್ತು. ಆ ಕಾಂತಿಯನ್ನು ಕಂಡ ಕೂಡಲೇ ತಿಳಿದವರು ತಮ್ಮ ತಮ್ಮ ಟಾರ್ಚು, ಟ್ರಾನ್ಸಿಸ್ಟರುಗಳನ್ನು ಬಗಲಿಗೆ ಅವಚಿಕೊಂಡು ಮನೆ ಸೇರುತ್ತಿದ್ದರು.

ಹನಗೋಡಿನಿಂದ ಕಾಡಿನ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅಲ್ಲಿ ಅವನಿಗೆ ಹೊಗೆಸೊಪ್ಪಿನ ಹೊಲ, ಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಒಂದು ಬ್ಯಾರನ್ನು, ಹೆಂಚಿನ ಮನೆ, ಸಾಕಷ್ಟು ದೊಡ್ಡ ಹೊಟ್ಟೆ ಮತ್ತು ಲೋಕದ ಎಲ್ಲ ವಿಷಯಗಳ ಮೇಲೂ ಒಂದೊಂದು ಅಭಿಪ್ರಾಯ ಇದ್ದವು. ಹೊಲವನ್ನು ಆಳುಗಳು ನೋಡಿಕೊಳ್ಳುತ್ತಿದ್ದರು. ಬ್ಯಾರನ್ನನ್ನು ಅದಕ್ಕೆ ಬೆಂಕಿ ಹಾಕುವವನು ನೋಡಿಕೊಳ್ಳುತ್ತಿದ್ದ. ಮನೆಯನ್ನು ಹೆಂಡತಿ ಪುಟ್ಟಮಲ್ಲಮ್ಮ ನೋಡಿಕೊಳ್ಳುತ್ತಿದ್ದಳು. ಹೊಟ್ಟೆಯನ್ನೂ ಅಭಿಪ್ರಾಯಗಳನ್ನೂ ಅವನೇ ಖುದ್ದಾಗಿ ಸಾಕುತ್ತಿದ್ದ.

ಆಷಾಢ ಬಂತೆಂದರೆ ಹೊಗೆಸೊಪ್ಪಿನ ಊರುಗಳಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಮುರಿದ ಸೊಪ್ಪನ್ನು ಸಂಜೆಯೊಳಗೆ ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಇಲ್ಲದಿದ್ದರೆ ರಾಶಿಯಲ್ಲೇ ಬೆವೆತು ಕೆಡುತ್ತದೆ. ಕಟ್ಟಲು ಬರುವ ಹೆಂಗಸರಿಗೆ ಮಧ್ಯಾಹ್ನದ ಊಟ ಯಜಮಾನನ ಮನೆಯದು. ಊಟವೆಂದರೆ ಮುದ್ದೆ. ಮುದ್ದೆ ಸಣ್ಣದಾದರೂ ಸರಿ, ತಡವಾದರೂ ಸರಿ, ಮರುದಿನ ಆ ಹೆಂಗಸರು ಆಚೆಯವರ ಬ್ಯಾರನ್ನಿನಲ್ಲಿರುತ್ತಾರೆ.

ಒಂದು ಮನೆಯವರಿಗೆ ಮುದ್ದೆ ತೊಳಸುವುದು ಅಡುಗೆ. ಒಂದು ಬ್ಯಾರನ್ನಿನ ಆಳುಗಳಿಗೆ ತೊಳಸುವುದು ಮಲ್ಲಯುದ್ಧ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಅದು ಓಡಾಡದಂತೆ ಕವೆಗೋಲಿನಿಂದ ಅದುಮಿ, ಹಿಟ್ಟಿನ ಕೋಲಿನಲ್ಲಿ ತಳದಿಂದ ಮೇಲಕ್ಕೆ ಮಗುಚುತ್ತ, ಒಂದು ಗಂಟೂ ಉಳಿಯದಂತೆ ತಿರುವಬೇಕು. ಪುಟ್ಟಮಲ್ಲಮ್ಮ ಮದುವೆಯಾಗಿ ಬಂದ ವರ್ಷದಿಂದ ಇದನ್ನು ಮಾಡಿಕೊಂಡು ಬಂದಿದ್ದಳು. ಕೆಲಸದ ಹೆಂಗಸರಿಗೆ ಆ ಮನೆಯ ಅಡುಗೆಮನೆ ಹೊಸಿಲು ದಾಟುವ ಪದ್ಧತಿಯಿರಲಿಲ್ಲ. ಅವರು ಕಟ್ಟಿದ ಸೊಪ್ಪು ಆಗುತ್ತಿತ್ತು, ಅವರು ತೊಳಸಿದ ಮುದ್ದೆ ಆಗುತ್ತಿರಲಿಲ್ಲ. ಮಕ್ಕಳಿಬ್ಬರೂ ಹುಣಸೂರಿನ ಹಾಸ್ಟೆಲಿನಲ್ಲಿ. ಇನ್ನು ಗಂಡಸು ಹಿಟ್ಟಿನ ಕೋಲು ಮುಟ್ಟುವುದೆಂದರೆ, ವೀರಭದ್ರಸ್ವಾಮಿಯ ದೃಷ್ಟಿಯಲ್ಲಿ, ಮೀಸೆ ಬೋಳಿಸಿಕೊಂಡು ಸಂತೆಗೆ ಹೋದಂತೆ.

ತೊಂಬತ್ತೆಂಟರ ಮುಂಗಾರಿನ ಹೊತ್ತಿಗೆ ಅವಳ ಬಲಭುಜ ಮುಷ್ಕರ ಹೂಡಿತು. ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹುಣಸೂರಿನ ಡಾಕ್ಟರು ಭುಜವನ್ನು ಒತ್ತಿ ನೋಡಿ, ಇನ್ನೊಂದು ಸುಗ್ಗಿ ಹೀಗೇ ತೊಳಸಿದರೆ ಈ ಕೈ ಹೆಗಲಲ್ಲೇ ಬಿಗಿದುಕೊಳ್ಳುತ್ತದೆ, ಆಮೇಲೆ ಯಾವತ್ತೂ ಮೇಲೆ ಏಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ವೀರಭದ್ರಸ್ವಾಮಿ ಡಾಕ್ಟರಿಗೆ ಒಂದು ತೈಲದ ಗುಣವಿಶೇಷಗಳನ್ನು ವಿವರಿಸಿದ. ಮನೆಗೆ ಬಂದು ಆ ತೈಲವನ್ನು ತರಿಸಿದ. ಆಮೇಲೆ ದಿನಾ ಸಂಜೆ ಜಗಲಿಯ ಮೇಲೆ ಕುಳಿತು, ತೈಲವನ್ನು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ತಿಕ್ಕಬೇಕೆಂದು ಹೇಳುತ್ತಿದ್ದ. ಅವಳು ಎಡಗೈಯಲ್ಲಿ ತಿಕ್ಕಿಕೊಳ್ಳುತ್ತಿದ್ದಳು.

ಈ ಹೊತ್ತಿಗೆ ಅವಳ ತಮ್ಮ ಮಹದೇವಪ್ರಸಾದ್ ರಜಕ್ಕೆ ಬಂದ. ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಅಕ್ಕನ ಕೈಯ ಸುದ್ದಿ ಕೇಳಿ, ಹೋಟೆಲಿನವರು ಮೂಲೆಗಿಟ್ಟಿದ್ದ ಕೇಕಿನ ಹಿಟ್ಟು ಕಲಸುವ ಮಿಕ್ಸರೊಂದನ್ನು ಕೇಳಿ ಪಡೆದು ಹೊತ್ತು ತಂದಿದ್ದ. ಅದು ನಮ್ಮ ಚಟ್ನಿಯ ಮಿಕ್ಸಿಗಳಂತೆ ಕುಕ್ಕರುಗಾಲಲ್ಲಿ ಕುಳಿತದ್ದಲ್ಲ. ಭಾರವಾದ ಪೀಠ, ಪೀಠದ ಮೇಲೆ ಕತ್ತು, ಕತ್ತಿನಿಂದ ಮುಂದಕ್ಕೆ ಚಾಚಿದ ತಲೆ. ತಲೆಯಿಂದ ಇಳಿಬಿದ್ದ ಕಬ್ಬಿಣದ ಕೊಕ್ಕೆ ಕೆಳಗಿನ ಸ್ಟೀಲ್ ಬೋಗುಣಿಯೊಳಗೆ ಗರಗರ ಸುತ್ತುತ್ತಿತ್ತು. ದೂರದಿಂದ ನೋಡಿದರೆ ಕೆರೆಯಲ್ಲಿ ಮೀನಿಗೆ ಬಗ್ಗಿ ನಿಂತ ಕೊಕ್ಕರೆ.

ಪ್ರಸಾದ್ ಅಕ್ಕನನ್ನು ಕೂರಿಸಿಕೊಂಡು, "ಅಕ್ಕ, ಇದು ಮೆತ್ತನೆ ಹಿಟ್ಟಿಗೆ ಅಂತ ಮಾಡಿರೋದು. ಮುದ್ದೆಗೆ ಹಾಕೋವಾಗ ನೀನು ಏನ್ಮಾಡ್ಬೇಕು ಅಂದ್ರೆ" ಎಂದು ಶುರುಮಾಡುವಷ್ಟರಲ್ಲಿ ಭಾವ ಅದರ ಪ್ಲಗ್ಗನ್ನು ಕತ್ತರಿಸಿಯಾಗಿತ್ತು. ಪರದೇಶದ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ ಎಂಬುದು ಅವನ ಜೀವನದಲ್ಲಿ ಸರಿಯಾಗಿ ಕಂಡುಹಿಡಿದ ಒಂದೇ ಒಂದು ಸತ್ಯವಿರಬಹುದು. ಆ ವಿಜಯದ ಉತ್ಸಾಹದಲ್ಲಿ ಅವನು ಭಾಮೈದನ ಕಡೆಗೆ ವೈರು ಬೀಸುತ್ತ ಹೇಳಿದ: "ಮಿಷನ್ ವಿಚಾರ ನಂಗೆ ಹೇಳ್ಕೊಡಬ್ಯಾಡ ಕಣೋ ಪ್ರಸಾದ. ನೀನು ಸ್ಟೋರಲ್ಲಿ ಮೂಟೆ ಎಣಿಸೋನು." ಪ್ರಸಾದ್ ರಜ ಮುಗಿಸಿ, ಆ ವಾಕ್ಯವನ್ನು ಅರ್ಧಕ್ಕೇ ಇಟ್ಟುಕೊಂಡು ಮಸ್ಕತ್ತಿಗೆ ಹೊರಟುಹೋದ.

ಮೊದಲ ದಿನ ಬೆಂದ ಹಿಟ್ಟನ್ನು ಬೋಗುಣಿಗೆ ಹಾಕಿ ಸ್ವಿಚ್ಚು ಒತ್ತಿದಾಗ ಕೊಕ್ಕೆ ಅದನ್ನು ಹೊರಳಿಸಿ ಹೊರಳಿಸಿ ಗಂಟಿಲ್ಲದ ನುಣ್ಣನೆಯ ಮುದ್ದೆ ಮಾಡಿಕೊಟ್ಟಿತು. ಪುಟ್ಟಮಲ್ಲಮ್ಮ ಅದನ್ನು ಬೆರಳಲ್ಲಿ ಒತ್ತಿ ನೋಡಿದಳು. ಅವಳ ಕೈ ಉಳಿಯುವುದಾದರೆ ಅದು ಆ ಕೊಕ್ಕೆಯಿಂದಲೇ ಎಂದು ಅವಳಿಗೆ ಗೊತ್ತಿತ್ತು. ಗಂಡನಿಗೆ ಬೇರೆಯದೇ ಗೊತ್ತಾಯಿತು. ಇಂಥ ಯಂತ್ರ ಹೆಂಗಸರ ಅಡುಗೆಮನೆಯಲ್ಲಿರುವುದು ಅದಕ್ಕೂ ಅವಮಾನ, ತನಗೂ ಅವಮಾನ ಎಂದು ಅವನು ಅದನ್ನು ಪಡಸಾಲೆಗೆ ತಂದು, ಬೆಂಚಿನ ಮೇಲೆ ಪ್ರತಿಷ್ಠಾಪಿಸಿ, ತಲೆಗೆ ಮೂರು ಪಟ್ಟೆ ವಿಭೂತಿ ಎಳೆದ. ಹೆಂಗಸರ ಕೈಗೆ ಕರೆಂಟು ಆಗಿಬರುವುದಿಲ್ಲವೆಂದು ಸಾರಿ, ಸ್ವಿಚ್ಚನ್ನು ತಾನೊಬ್ಬನೇ ಒತ್ತತಕ್ಕದ್ದೆಂದು ಆಜ್ಞೆ ಹೊರಡಿಸಿದ. ಅಲ್ಲಿಂದ ಮುಂದೆ ಅವಳು ಒಲೆಯ ಮೇಲೆ ಬೇಯಿಸಿದ ಹಿಟ್ಟಿನ ಪಾತ್ರೆಯನ್ನು ನೋಯುವ ಕೈಯಲ್ಲಿ ಪಡಸಾಲೆಯವರೆಗೆ ಹೊತ್ತು ತಂದು ಸುರಿಯುವಳು. ಅವನು ಬೆರಳು ಚಾಚಿ ಸ್ವಿಚ್ಚು ಒತ್ತುವನು. ಒತ್ತಿದ ಮೇಲೆ ಪಂಚೆಯಲ್ಲಿ ಹಣೆಯ ಬೆವರು ಒರೆಸಿಕೊಳ್ಳುವನು.

ಕೆಲಸ ಬೇಗ ಮುಗಿಯಲೆಂದು ಅವನು ಬೋಗುಣಿಯನ್ನು ಬಾಯಿಮಟ್ಟ ತುಂಬಿಸುತ್ತಿದ್ದ. ಹೀಗಾಗಿ ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ಯಂತ್ರ ನಡುವೆಯೇ ನಿಂತಿತು.

ಅದಕ್ಕೆ ಬಂದಿದ್ದ ರೋಗ ಯಾವುದೆಂದು ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ: ಯಾವುದೂ ಅಲ್ಲ. ಬೆಣ್ಣೆ, ಸಕ್ಕರೆ, ಮೈದಾ ತಿಂದುಕೊಂಡು ಹಾಯಾಗಿದ್ದ ಜೀವಕ್ಕೆ ರಾಗಿ ಮುದ್ದೆ ತೊಳಸುವ ಶಿಕ್ಷೆಯಾಗಿತ್ತು. ಅದರ ಮೋಟರು ಬಿಸಿಯೇರಿದರೆ ಸುಟ್ಟುಹೋಗದಿರಲೆಂದು ತಾನೇ ನಿಲ್ಲುತ್ತಿತ್ತು. ಆರಿದ ಮೇಲೆ ತಾನೇ ಹೊರಡುತ್ತಿತ್ತು. ಅಷ್ಟೆ. ಸುಮ್ಮನೆ ಬಿಟ್ಟರೆ ವಾಸಿಯಾಗುವ ಕಾಯಿಲೆ. ಆದರೆ ಯಾವುದನ್ನಾದರೂ ಸುಮ್ಮನೆ ಬಿಡುವುದು ವೀರಭದ್ರಸ್ವಾಮಿಯ ಜಾತಕದಲ್ಲಿ ಬರೆದಿರಲಿಲ್ಲ.

ಮೊದಲ ಸಲ ಅವನು ಕಂಡುಹಿಡಿದದ್ದು ಫೇಸಿನ ತೊಂದರೆ. ಊರಿನ ಪಂಪ್‌ಸೆಟ್ಟುಗಳೆಲ್ಲ ಒಂದೇ ಫೇಸಿನ ರಕ್ತ ಹೀರುತ್ತಿವೆ ಎಂದು ಲೈನ್‌ಮನ್ ಕಂಠಪ್ಪನನ್ನು ಕರೆಸಿದ. ಕಂಠಪ್ಪ ನಿಧಾನವಾಗಿ ಬಂದು, ಟ್ರಾನ್ಸ್‌ಫಾರ್ಮರಿನ ಫ್ಯೂಸ್ ವೈರನ್ನು ಬಿಚ್ಚಿ ಕಟ್ಟಿ, ನಿಧಾನವಾಗಿ ಕಾಫಿ ಕುಡಿದು, ತನ್ನ ಸೊಂಟನೋವಿನ ಚರಿತ್ರೆ ಹೇಳಿ ಮುಗಿಸಿದ. ಅಷ್ಟರಲ್ಲಿ ಯಂತ್ರ ಆರಿತ್ತು. ಸ್ವಿಚ್ಚು ಒತ್ತಿದರೆ ಗರಗರ ಹೊರಟಿತು. ವೀರಭದ್ರಸ್ವಾಮಿ ಕಂಠಪ್ಪನ ಬೆನ್ನು ತಟ್ಟಿ, ಹೇಳಿದಂತೆ ಮಾಡಿದ್ದಕ್ಕೆ ಶಹಬ್ಬಾಸ್ ಎಂದ. ಈ ನಡುವೆ ಬ್ಯಾರನ್ನಿನ ಮುಂದೆ ಆಳುಗಳು ಹಸಿದು ಕಾಯುತ್ತಿದ್ದರು. ಹಾಗಾಗಿ ಒಳಗೆ ಪುಟ್ಟಮಲ್ಲಮ್ಮ ಅಷ್ಟೂ ಹಿಟ್ಟನ್ನು ಕೈಯಲ್ಲೇ ತೊಳಸಿ ಮುಗಿಸಿದ್ದಳು. ಯಂತ್ರ ಮತ್ತೆ ಹೊರಟಾಗ ಅದರ ಬೋಗುಣಿಯಲ್ಲಿ ಕಲಸಲು ಏನೂ ಉಳಿದಿರಲಿಲ್ಲ. ಅದು ಗಾಳಿಯನ್ನೇ ಕಲಸಿತು. ಯಜಮಾನ ಅದನ್ನು ತೃಪ್ತಿಯಿಂದ ನೋಡಿದ.

ಎರಡನೆಯ ಸಲ ವಾಸ್ತು. ಆ ವರ್ಷಗಳಲ್ಲಿ ವಾಸ್ತುವಿನ ಪಿಡುಗು ಪಿರಿಯಾಪಟ್ಟಣದವರೆಗೂ ಹಬ್ಬಿತ್ತು; ಜನ ನೆಟ್ಟಗಿದ್ದ ಬಾಗಿಲನ್ನು ಮುಚ್ಚಿ ಗೋಡೆ ಒಡೆದು ಇನ್ನೊಂದು ಕಡೆ ಇಡಿಸುತ್ತಿದ್ದರು. ಯಂತ್ರ ದಕ್ಷಿಣಕ್ಕೆ ತಲೆ ಬಗ್ಗಿಸಿ ನಿಂತಿದೆಯೆಂಬುದು ವೀರಭದ್ರಸ್ವಾಮಿಗೆ ಥಟ್ಟನೆ ಹೊಳೆಯಿತು. ಅಗ್ನಿಮೂಲೆಗೆ ಬೆಂಚು ಸಾಗಿಸಿ, ಅಲ್ಲಿಗೆ ವೈರು ಎಳೆದು, ಪೂರ್ವಕ್ಕೆ ಮುಖ ಮಾಡಿಸುವಷ್ಟರಲ್ಲಿ ಯಂತ್ರ ಆರಿ ಮತ್ತೆ ಹೊರಟಿತು. ಮೂರನೆಯ ಸಲ ದೃಷ್ಟಿ: ಹಿಟ್ಟಿನ ಮಿಲ್ಲಿನ ಅಣ್ಣಯ್ಯ ಹಿಂದಿನ ದಿನ ಬಂದು ಯಂತ್ರವನ್ನು ನೋಡಿ "ಏನಪ್ಪ ಇದು" ಎಂದಿದ್ದನಂತೆ. ನಿಂಬೆಹಣ್ಣು, ಒಣಮೆಣಸಿನಕಾಯಿ, ಕರ್ಪೂರ. ಯಂತ್ರ ಹೊರಟಿತು. ನಾಲ್ಕನೆಯ ಸಲ ಅವನಿಗೆ ಸಿಟ್ಟು ಬಂದು ಅದರ ಕೆನ್ನೆಗೆ ಒಂದು ಬಾರಿಸಿದ. ಆಗಲೂ ಹೊರಟಿತು.

ಇಷ್ಟಾದ ಮೇಲೆ ಅವನು ಬಿಡುವನೇ? ಎಲ್ಲವನ್ನೂ ಕೂಡಿಸಿ ಒಂದು ಶಾಸ್ತ್ರ ಕಟ್ಟಿದ. ಯಂತ್ರ ನಿಂತರೆ ಮೊದಲು ವೈರು ಕೀಳಬೇಕು. ದಿಕ್ಕು ನೋಡಬೇಕು. ವಿಭೂತಿ ಹಚ್ಚಬೇಕು. ದೃಷ್ಟಿ ತೆಗೆಯಬೇಕು. ಕೊನೆಗೆ ಎಡಗೆನ್ನೆಗೆ ಹದವಾಗಿ ತಟ್ಟಬೇಕು. ಬಲಗೆನ್ನೆಗೆ ತಟ್ಟಿದರೆ ಮೋಟರಿಗೆ ಪೆಟ್ಟು. ಇಡೀ ಶಾಸ್ತ್ರ ನೆರವೇರುವಷ್ಟರಲ್ಲಿ ಯಾವ ಯಂತ್ರವಾದರೂ ಆರುತ್ತದೆ, ಮನುಷ್ಯನಾದರೂ ಆರುತ್ತಾನೆ. ಪ್ರತಿ ಸಲವೂ ಅದು ಹೊರಟಿತು. ಪ್ರತಿ ಸಲವೂ ಅಷ್ಟು ಹೊತ್ತು ಒಳಗೆ ಹಿಟ್ಟಿನ ಕೋಲು ತಿರುಗುತ್ತಿತ್ತು.

ಸೊಪ್ಪು ಕಟ್ಟುವ ಹೆಂಗಸರಿಗೆ ರಾಮಮ್ಮ ಮುಂದಾಳು. ಬಾಯಿ ಬಲ ಅವಳಿಗೆ. ಒಂದು ದಿನ ಬ್ಯಾರನ್ನಿನ ಚಪ್ಪರದಡಿ ಊಟಕ್ಕೆ ಕುಳಿತಾಗ ವೀರಭದ್ರಸ್ವಾಮಿ ಎದುರಿಗೆ ನಿಂತು, ಮಿಷನ್ ಮುದ್ದೆ ಹೇಗಿದೆ ಎಂದು ಕೇಳಿದ.

"ಮಿಸಿನ್ನು ಅಂತೀರಿ ಸ್ವಾಮೇರೆ, ಇದ್ರಲ್ಲಿ ಅಮ್ಮೋರ ಕೈ ರುಚಿಯೇ ಅದೆ" ಎಂದಳು ರಾಮಮ್ಮ.

"ಅದೇ ಕಣಮ್ಮ ಆ ಮಿಷನ್ನಿನ ವಿಶೇಷ" ಎಂದ ವೀರಭದ್ರಸ್ವಾಮಿ. ಸಾರು ಬಡಿಸುತ್ತಿದ್ದ ಪುಟ್ಟಮಲ್ಲಮ್ಮ ಸೌಟನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು.

ವೈದ್ಯನ ಕೀರ್ತಿ ಹರಡಿತು. ವೀರನಹೊಸಹಳ್ಳಿಯಿಂದ ಒಂದು ಮಿಕ್ಸಿ ಬಂತು. ಬೈಲಕುಪ್ಪೆಯ ಕಡೆಯಿಂದ ಒಂದು ಟೇಬಲ್ ಫ್ಯಾನು ಬಸ್ಸಿನ ಟಾಪಿನ ಮೇಲೆ ಕುಳಿತು ಬಂತು. ಬಿಸಿಯಾಗಿ ನಿಂತವು ಇವನ ಶಾಸ್ತ್ರ ಮುಗಿಯುವಷ್ಟರಲ್ಲಿ ಆರಿ, ವಾಸಿಯಾಗಿ ಮನೆಗೆ ಹೋದವು. ನಿಜವಾಗಿ ಕೆಟ್ಟವು ವಾಸಿಯಾಗದೆ ಉಳಿದವು. ಅವುಗಳ ಆಯುಸ್ಸು ಮುಗಿದಿತ್ತೆಂದು ಅವನು ವಾರಸುದಾರರಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದ. ಜನ ಅವನನ್ನು ಮಿಕ್ಸಿ ಸ್ವಾಮಿ ಎಂದು ಕರೆಯತೊಡಗಿದರು. ಕರೆಯುವಾಗ ತುಟಿಯ ಮೂಲೆಯಲ್ಲಿ ಏನಿರುತ್ತಿತ್ತೆಂದು ಅವನು ನೋಡಲಿಲ್ಲ. ಬಿರುದು ಸಿಕ್ಕವರು ಅದನ್ನು ನೋಡುವುದಿಲ್ಲ.

ಒಂದು ದಿನ ಪಿರಿಯಾಪಟ್ಟಣದ ನೆಂಟರ ಮನೆಯ ಮಿಕ್ಸಿಗೆ ಚಿಕಿತ್ಸೆ ಕೊಡಲು ಸ್ವಾಮಿ ದಯಮಾಡಿಸಿದ್ದ. ಮನೆಯಲ್ಲಿ ಪುಟ್ಟಮಲ್ಲಮ್ಮ ಒಬ್ಬಳೇ. ಅವತ್ತು ಭುಜ ಎಷ್ಟು ನೋಯುತ್ತಿತ್ತೆಂದರೆ ಕೋಲು ಹಿಡಿಯಲಾಗಲಿಲ್ಲ. ಅವಳು ಹೆದರುತ್ತಲೇ ಪಡಸಾಲೆಗೆ ಬಂದು ಸ್ವಿಚ್ಚು ಒತ್ತಿದಳು. ನೋವಿದ್ದಾಗ ತಾನು ಹೇಗೆ ತೊಳಸುತ್ತಿದ್ದಳೋ ಹಾಗೇ ಹಾಕಿದಳು: ಎರಡು ಮುದ್ದೆಗಾಗುವಷ್ಟು ಮಾತ್ರ. ಅದನ್ನು ತೆಗೆದು, ಕೈ ನೀರಿಗೆ ಅದ್ದಿಕೊಂಡು ಮುದ್ದೆ ಕಟ್ಟುವವರೆಗೆ ಯಂತ್ರ ನಿಂತಿರುತ್ತಿತ್ತು. ಮತ್ತೆ ಎರಡಕ್ಕಾಗುವಷ್ಟು. ಹೀಗೆ ಕಡೆಯ ಮುದ್ದೆಯವರೆಗೂ ಅದು ಒಂದು ಸಲವೂ ಮುನಿಯಲಿಲ್ಲ. ಎಷ್ಟೋ ದಿನಗಳ ಮೇಲೆ ಮೊದಲ ಸಲ ಅವಳು ಅವತ್ತು ಸಂಜೆ ತೈಲದ ಬಾಟಲಿ ತೆಗೆಯಲಿಲ್ಲ.

ಗಂಡ ಬಂದ ಮೇಲೆ ಇದನ್ನು ಹೇಳಿದಳು. ಅವನು ಕರುಣೆಯಿಂದ ನಕ್ಕು, ನೆನ್ನೆ ತಾನು ಕೊಟ್ಟ ಚಿಕಿತ್ಸೆಯ ಪ್ರಭಾವ ಇನ್ನೂ ಇಳಿದಿಲ್ಲವೆಂದು ವಿವರಿಸಿದ.

ಇತ್ತ ಮಿಲ್ಲಿನ ಅಣ್ಣಯ್ಯನಿಗೆ ಹೊಟ್ಟೆ ಉರಿಯುತ್ತಿತ್ತು. ತನ್ನ ಕಣ್ಣಿಗೆ ನಿಂಬೆಹಣ್ಣು ಇಳಿಸಿದ್ದನ್ನು ಅವನು ಮರೆತಿರಲಿಲ್ಲ. ವೀರಭದ್ರಸ್ವಾಮಿಗೆ ಅಣ್ಣಯ್ಯನ ಮಿಲ್ಲಿನ ಮೋಟರಿನ ಮೇಲೆ ಬಹಳ ದಿನಗಳಿಂದ ಕಣ್ಣಿತ್ತು. ಊರಿನಲ್ಲಿ ಅದಕ್ಕಿಂತ ದೊಡ್ಡ ಮೋಟರಿರಲಿಲ್ಲ. ಅದು ಆಗೀಗ ಗೊರಗೊರ ಎನ್ನುತ್ತದೆ, ಒಂದು ಸಲ ಬಿಚ್ಚಿ ನೋಡುತ್ತೇನೆ ಎಂದು ಪೀಡಿಸುತ್ತಲೇ ಇದ್ದ. ಶ್ರಾವಣದ ಒಂದು ದಿನ ಅಶ್ವತ್ಥಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಣ್ಣಯ್ಯ ಒಂದು ಕರಾರು ಹಾಕಿದ.

"ನಿನ್ಮಿಸಿನ್ನು ನನ್ ಕಣ್ಮುಂದೆ ಸಾಯ್ಬೇಕು ಕಣ್ಲಾ, ಭದ್ರ. ನನ್ ಕಣ್ಮುಂದೆ ನೀನು ಬದುಕಿಸ್ಬೇಕು. ಆಮೇಲೆ ನಮ್ ಮೋಟ್ರು ತಕೊಂಡೋಗಿ ಏನಾರ ಮಾಡ್ಕೊ."

ಮುಂದಿನ ಸೋಮವಾರ ಮುಹೂರ್ತ. ಪಡಸಾಲೆ ತುಂಬ ಗಂಡಸರು: ಅಣ್ಣಯ್ಯ, ಕಂಠಪ್ಪ, ಮಳೆಬಿದ್ದು ಕೆಲಸವಿಲ್ಲದವರು, ಕೆಲಸವಿದ್ದೂ ಬಿಟ್ಟು ಬಂದವರು. ವೀರಭದ್ರಸ್ವಾಮಿ ರೇಷ್ಮೆ ಶಲ್ಯ ಹೊದ್ದು, ವಿಭೂತಿ, ನಿಂಬೆಹಣ್ಣು, ಕರ್ಪೂರಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು, ಯಂತ್ರಗಳಿಗೂ ಪ್ರಾಣವಿದೆಯೆಂಬ ವಿಷಯದ ಮೇಲೆ ಒಂದು ಭಾಷಣ ಮಾಡಿದ. ಆಮೇಲೆ ಸ್ವಿಚ್ಚು ಒತ್ತಿ, ಸಾವನ್ನು ಬರಮಾಡಿಕೊಳ್ಳಲು ಸಿದ್ಧನಾಗಿ ಪಕ್ಕಕ್ಕೆ ನಿಂತ.

ಯಂತ್ರ ಸಾಯಲಿಲ್ಲ. ಅವನು ಭಾಷಣದ ಗುಂಗಿನಲ್ಲಿದ್ದಾಗ ಪುಟ್ಟಮಲ್ಲಮ್ಮ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತುಬಿಟ್ಟಿದ್ದಳು. ಎರಡು ಮುದ್ದೆಗಾಗುವಷ್ಟು ಹಾಕುವಳು, ತೆಗೆಯುವಳು, ಕಟ್ಟಿಡುವಳು, ಮತ್ತೆ ಹಾಕುವಳು. ಕೊಕ್ಕೆ ಮದುವೆ ಮನೆಯ ಬಾಣಸಿಗನ ಹುರುಪಿನಲ್ಲಿ ಸುತ್ತುತ್ತಿತ್ತು. ತಟ್ಟೆಯ ಮೇಲೆ ಮುದ್ದೆಗಳು ಏರುತ್ತ ಹೋದವು. ವೈದ್ಯ ಬೆವರತೊಡಗಿದ. ರೋಗಿ ಇಷ್ಟು ಗಟ್ಟಿಮುಟ್ಟಾಗಿದ್ದರೆ ವೈದ್ಯನ ಗತಿಯೇನು? ಅವನು ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ಇನ್ನೊಂದನ್ನು ಎಡಗೆನ್ನೆಗೆ ಅಂದಾಜು ಮಾಡಿಕೊಂಡು ಹಾಗೇ ಎತ್ತಿ ನಿಂತಿದ್ದ. ಗರಗರ ಸದ್ದು ಒಂದು ಕ್ಷಣ ತಗ್ಗಿದರೆ ಸಾಕು, ಅವನ ಮುಖ ಅರಳುತ್ತಿತ್ತು. ಅದು ಮತ್ತೆ ಏರಿದರೆ ಬಾಡುತ್ತಿತ್ತು.

ಅಣ್ಣಯ್ಯ ಎಲೆಅಡಿಕೆ ಹಾಕಿಕೊಂಡು, ರೋಗಿ ಚೆನ್ನಾಗಿದ್ದಾರೆ ಅನ್ನಿಸುತ್ತದೆ, ನಾವು ಹೊರಡೋಣವೇ ಎಂದು ಕಂಠಪ್ಪನನ್ನು ಕೇಳಿದ. ಪಡಸಾಲೆಯಲ್ಲಿ ನಗು ಎದ್ದಿತು.

ವೀರಭದ್ರಸ್ವಾಮಿ ಹೆಂಡತಿಯ ಕಡೆ ತಿರುಗಿ, ಉಳಿದ ಹಿಟ್ಟನ್ನೆಲ್ಲ ಒಂದೇ ಸಲ ಸುರಿಯಲು ಹೇಳಿದ.

ಪುಟ್ಟಮಲ್ಲಮ್ಮ ಪಾತ್ರೆಯ ಮೇಲೆ ಕೈಯಿಟ್ಟಳು. "ಬ್ಯಾಡ ಕಣ್ರೀ. ಅದು ತಡೆಯಾಕಿಲ್ಲ. ಅದು ಹೋದ್ರೆ ನನ್ ಕೈ ಹೋದಂಗೆಯ."

"ನಾನಿರೋವಾಗ ನಿನ್ ಕೈಗೇನಾಗ್ತದೆ, ಸರ್ಕೊ" ಎಂದು ಅವನು ಪಾತ್ರೆಯನ್ನು ಕಿತ್ತುಕೊಂಡು, ತಾನೇ ಬೋಗುಣಿಗೆ ಬೋರಲು ಹಾಕಿದ. ಹಿಟ್ಟು ಬಾಯಿ ಮೀರಿ ನಿಂತಿತು. ಕೊಕ್ಕೆ ನರಳಿತು, ಇನ್ನೊಂದು ಸುತ್ತು ಹಾಕಲು ಪ್ರಯತ್ನಿಸಿತು, ನಿಂತಿತು.

ಸತ್ತಿತು ಎಂದು ವೈದ್ಯ ಕೈಯೆತ್ತಿ ಘೋಷಿಸಿದ. ಸ್ವಂತ ಮನೆಯ ಸಾವಿಗೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಮ್ಮೂರು ಅದುವರೆಗೆ ನೋಡಿರಲಿಲ್ಲ. ಅಣ್ಣಯ್ಯನೂ ಎದ್ದು ಬಂದು ಕೊಕ್ಕೆಯನ್ನು ಇಣುಕಿ ನೋಡಿ, ಹೌದು, ಸತ್ತಿದೆ ಎಂದು ಒಪ್ಪಿದ.

ಆಮೇಲೆ ಶಾಸ್ತ್ರ ಶುರುವಾಯಿತು. ದಿನದಂತಲ್ಲ, ಸಭೆಯಿದೆಯಲ್ಲ, ವಿಸ್ತಾರವಾಗಿ. ಕಂಠಪ್ಪನನ್ನು ಟ್ರಾನ್ಸ್‌ಫಾರ್ಮರಿಗೆ ಅಟ್ಟಿದ. ಬೆಂಚನ್ನು ನಾಲ್ಕು ಮೂಲೆಗೂ ಸಾಗಿಸಿ ಪ್ರತಿ ದಿಕ್ಕಿನ ದೋಷವನ್ನೂ ಬಿಡಿಸಿ ಹೇಳಿದ. ವಿಭೂತಿ ಎಳೆದ. ಅಣ್ಣಯ್ಯನನ್ನು ಎದುರಿಗೇ ನಿಲ್ಲಿಸಿಕೊಂಡು ನಿಂಬೆಹಣ್ಣು ಇಳಿಸಿದ. ಕರ್ಪೂರ ಆರಿದ ಮೇಲೆ ಎಡಗೆನ್ನೆಗೆ ಹದವಾಗಿ ತಟ್ಟಿದ. ಯಂತ್ರ ಆ ಹೊತ್ತಿಗೆ ಚೆನ್ನಾಗಿ ಆರಿತ್ತು. ಅದರ ಜೊತೆಗೆ ಇನ್ನೊಂದು ವಸ್ತುವೂ ಆರಿದೆಯೆಂಬುದು ಮಾತ್ರ ಅವನ ಶಾಸ್ತ್ರದಲ್ಲಿರಲಿಲ್ಲ. ಹಿಂದೆಲ್ಲ ಯಂತ್ರ ನಿಂತರೆ ಪುಟ್ಟಮಲ್ಲಮ್ಮ ತಕ್ಷಣ ಬೋಗುಣಿಯ ಹಿಟ್ಟನ್ನು ಕೆರೆದು ಒಳಗೆ ಒಯ್ಯುತ್ತಿದ್ದಳು. ಅವತ್ತು ಅವಳು ಮುಟ್ಟಿರಲಿಲ್ಲ; ನಡುವೆ ಒಮ್ಮೆ ಎದ್ದು ಒಳಗೆ ಹೋಗಿ ಬಂದು ಕುಳಿತಿದ್ದಳು, ಅಷ್ಟೆ. ಬಾಯಿಮಟ್ಟ ತುಂಬಿದ್ದ ರಾಗಿ ಹಿಟ್ಟು ಅಷ್ಟು ಹೊತ್ತಿನಲ್ಲಿ ಕೊಕ್ಕೆಯ ಸುತ್ತ ಗಾರೆ ಹಾಕಿದಂತೆ ಬಿಗಿದು ಕುಳಿತಿತ್ತು. ಆರಿದ ಮುದ್ದೆ ಎಂಥದೆಂದು ಅದನ್ನು ಮರುದಿನ ಬೆಳಿಗ್ಗೆ ಬಿಡಿಸಲು ಹೋದವರಿಗೆ ಗೊತ್ತು.

ವೀರಭದ್ರಸ್ವಾಮಿ ಸಭೆಯನ್ನು ಒಮ್ಮೆ ನೋಡಿ, ಸ್ವಿಚ್ಚು ಒತ್ತಿದ.

ಮೋಟರು ಹುಮ್ಮಸ್ಸಿನಿಂದ ಎದ್ದಿತು. ಕೊಕ್ಕೆ ಕಲ್ಲಿನಲ್ಲಿ ಹೂತಿತ್ತು. ಯಂತ್ರದ ತಲೆಯೊಳಗಿನಿಂದ ಕಟಕಟ ಕಟಕಟ ಎಂದು ಹಲ್ಲು ಮುರಿಯುವ ಸದ್ದು ಬಂತು. ಆಮೇಲೆ ಆ ಸದ್ದೂ ನಿಂತು, ಮೋಟರು ಯಾವ ಅಡ್ಡಿಯೂ ಇಲ್ಲದೆ ಸುಂಯ್ ಎಂದು ಓಡತೊಡಗಿತು. ಕೊಕ್ಕೆ ಅಲುಗಲಿಲ್ಲ. ಏನೂ ಮಾಡದೆ ಬರೀ ಸದ್ದು ಮಾಡುವುದರಲ್ಲಿ ಅದು ಈಗ ಸಂಪೂರ್ಣವಾಗಿ ತನ್ನ ಯಜಮಾನನನ್ನು ಹೋಲುತ್ತಿತ್ತು.

"ಓಡ್ತಾ ಇದೆ, ನೋಡ್ರಪ್ಪ" ಎಂದ ವೀರಭದ್ರಸ್ವಾಮಿ.

ಅಣ್ಣಯ್ಯ ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದ. "ನಮ್ ಮೋಟ್ರು ಅಲ್ಲೇ ಸುಕವಾಗದೆ ಬುಡಪ್ಪ. ಅದಕ್ಕೆ ಸಾಯೋ ವಯಸ್ಸಾಗಿಲ್ಲ."

ಅಷ್ಟರಲ್ಲಿ ರಾಮಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಹೆಂಗಸರು. ಊಟದ ಹೊತ್ತು ಎಂದೋ ಮೀರಿತ್ತು. ಕಟ್ಟದ ಸೊಪ್ಪು ಚಪ್ಪರದಡಿ ರಾಶಿಯಾಗಿ ಬಿದ್ದಿತ್ತು. ತಟ್ಟೆಯಲ್ಲಿ ಪುಟ್ಟಮಲ್ಲಮ್ಮ ಕಟ್ಟಿಟ್ಟಿದ್ದ ಮುದ್ದೆಗಳು ಅರ್ಧ ಜನಕ್ಕೂ ಸಾಲುವಂತಿರಲಿಲ್ಲ. ವೀರಭದ್ರಸ್ವಾಮಿ ಎಂದಿನಂತೆ ಹೆಂಡತಿಯ ಕಡೆ ನೋಡಿದ. ಅವಳು ಕಂಬಕ್ಕೆ ಒರಗಿ ಕುಳಿತಿದ್ದಳು. ಬಲಗೈ ಮಡಿಲಲ್ಲಿತ್ತು.

"ಎಸರು ಇಟ್ಟಿವ್ನಿ" ಎಂದಳು. "ಹಿಟ್ಟು ಪಕ್ಕದಲ್ಲದೆ. ಕೋಲು ಅಲ್ಲೇ ಅದೆ. ನಾನು ಮುಟ್ಟಾಕಿಲ್ಲ."

ಅವಳ ದನಿ ಏರಲಿಲ್ಲ. ಅದಕ್ಕೇ ಅವನಿಗೆ ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದು ದಿನ ಅನ್ನ ಉಂಡರೆ ಏನಾಗುತ್ತದೆ ಎಂದು ರಾಮಮ್ಮನನ್ನು ಕೇಳಿದ. ಅನ್ನ ಉಂಡು ಸಂಜೆಗಂಟ ಬಗ್ಗಿ ಕಟ್ಟಲು ತಾವೇನು ಕೊಕ್ಕೆಗಳಲ್ಲ, ಆಚೆ ಬ್ಯಾರನ್ನಿನಲ್ಲಿ ಮುದ್ದೆ ಆಗಿರುತ್ತದೆ ಎಂದು ಅವಳು ಸೆರಗು ಬಿಗಿದಳು. ಹಿಂದಿದ್ದವರು ಅಂಗಳದ ಕಡೆ ತಿರುಗಿಯೂ ಆಗಿತ್ತು. ಒಂದು ಬ್ಯಾರನ್ನಿನ ಸೊಪ್ಪು ಕಣ್ಣೆದುರಿಗೆ ಬೆವರುವುದು ವೀರಭದ್ರಸ್ವಾಮಿಗೆ ಕಂಡಿತು. ಅವನು ಸುತ್ತ ನೋಡಿದ. ಗಂಡಸರೆಲ್ಲ ಸೂರಿನ ತೊಲೆಗಳನ್ನು ಎಣಿಸುತ್ತಿದ್ದರು. ಕಡೆಗೆ ಅವನ ಕಣ್ಣು ರಾಮಮ್ಮನ ಮೇಲೆ ನಿಂತಿತು.

ರಾಮಮ್ಮ ಎರಡೂ ಕೈ ಮುಂದೆ ಚಾಚಿದಳು. ಹೊಗೆಸೊಪ್ಪಿನ ಅಂಟು ಬೆರಳುಗಳಿಗೆ ಕಪ್ಪಗೆ ಮೆತ್ತಿತ್ತು.

"ತೊಳಕೊಂಡು ಬತ್ತೀನಿ ಬುಡಿ, ನಂಗೇನು. ಚೆಂದಾಗೇ ತೊಳಸ್ತೀನಿ. ಅಡಿಗೆ ಮನೆ ಒಸ್ಲು ದಾಟಿಸ್ಕತೀರಾ, ಯೇಳಿ ಸ್ವಾಮೇರೆ."

ತೊಲೆ ಎಣಿಸುತ್ತಿದ್ದವರೆಲ್ಲ ಈಗ ಇವನನ್ನೇ ನೋಡಿದರು. ಅರ್ಧ ಜನ ಅವನ ಬಳಗದವರೇ. ಹೊಸಿಲು ಬಿಡಬೇಕು, ಇಲ್ಲವೇ ಕೋಲು ಹಿಡಿಯಬೇಕು. ಇಲ್ಲಿ ಒಬ್ಬ ಮನುಷ್ಯನಿಗೆ ಮನುಷ್ಯನಾಗುವ ಅವಕಾಶವೊಂದು ಬಾಗಿಲಿಗೇ ಬಂದು ಕೈ ಚಾಚಿತ್ತು ಎಂದು ಹೇಳಬಹುದು. ವೀರಭದ್ರಸ್ವಾಮಿ ಅದಕ್ಕೆ ಬೆನ್ನು ಹಾಕಿದ. ಒಂದು ಕ್ಷುದ್ರತನವನ್ನು ಉಳಿಸಿಕೊಳ್ಳಲು ಇನ್ನೊಂದು ಕ್ಷುದ್ರತನವನ್ನು ಬಲಿಕೊಟ್ಟು, ಶಲ್ಯ ಬಿಸಾಕಿ, ಪಂಚೆ ಎತ್ತಿಕಟ್ಟಿ ಅಡುಗೆಮನೆಗೆ ನಡೆದ.

ಅಲ್ಲಿ ನಡೆದ ಯುದ್ಧವನ್ನು ನಾವು ಕಣ್ಣಾರೆ ನೋಡಲಿಲ್ಲ, ಕಿವಿಯಾರೆ ಕೇಳಿದೆವು. ಪಾತ್ರೆ ನೆಲದ ಮೇಲೆ ಉರುಳಾಡಿತು. ಕವೆಗೋಲು ಜಾರಿತು. ಬಿಸಿ ಹಿಟ್ಟು ಕಾಲಿಗೆ ಹಾರಿತು. ಶಿವನ ಹಲವು ನಾಮಗಳು ಕೇಳಿಸಿದವು. ಪುಟ್ಟಮಲ್ಲಮ್ಮ ಕಂಬಕ್ಕೆ ಒರಗಿದವಳು ಏಳದೆ, ತಳದಿಂದ ಮಗುಚಿ, ಕವೆಗೋಲು ಒತ್ತಿ ಹಿಡೀರಿ, ನಿಲ್ಲಿಸಬೇಡಿ ಎಂದು ಆಗಾಗ ಹೇಳುತ್ತಿದ್ದಳು. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ತಿರುವಬೇಕೆಂಬುದನ್ನೂ ಹೇಳಿದಳು. ಎಷ್ಟೋ ಹೊತ್ತಿನ ಮೇಲೆ ಅವನು ಹೊರಬಂದಾಗ ಮೀಸೆಯ ಮೇಲೆ ಹಿಟ್ಟಿತ್ತು, ಎದೆ ತಿದಿಯಂತೆ ಏರಿಳಿಯುತ್ತಿತ್ತು, ತಟ್ಟೆಯಲ್ಲಿ ಮುದ್ದೆಗಳೆಂದು ಕರೆಯಬಹುದಾದ ಕೆಲವು ವಸ್ತುಗಳಿದ್ದವು.

ರಾಮಮ್ಮ ತನ್ನ ಪಾಲಿನದನ್ನು ಮುರಿದಳು. ಒಳಗಿನಿಂದ ಹಸಿ ಹಿಟ್ಟು ಪುಸ್ಸೆಂದು ಹಾರಿತು.

"ಇದರೊಳಗೆ ನಾಳಿಕ್ಕೂ ಆಯ್ತದೆ ಕಣ್ರವ್ವ" ಎಂದು ಅವಳು ಪಕ್ಕದವಳಿಗೆ ಹೇಳಿದಳು. ಆದರೂ ಉಂಡರು. ಉಂಡು ಹೋಗಿ ಕಟ್ಟಿದರು. ಆ ಬ್ಯಾರನ್ನಿಗೆ ಅವತ್ತು ಕತ್ತಲಾಗುವ ಮೊದಲು ಸೊಪ್ಪು ಏರಿತು.

ಮರುದಿನವೂ ಪುಟ್ಟಮಲ್ಲಮ್ಮ ಎಸರಿಟ್ಟು, ಹಿಟ್ಟು ಪಕ್ಕದಲ್ಲಿಟ್ಟು ಕಂಬಕ್ಕೆ ಒರಗಿದಳು. ಅದರ ಮರುದಿನವೂ. ಜಗಳವಿಲ್ಲ, ಅಳುವಿಲ್ಲ, ತವರಿಗೆ ಹೋಗುವ ಬೆದರಿಕೆಯಿಲ್ಲ. ಕೋಲನ್ನು ಮಾತ್ರ ಮುಟ್ಟಲಿಲ್ಲ. ಯಂತ್ರದ ಹಲ್ಲುಚಕ್ರ ಇಲ್ಲಿ ಸಿಗುವಂಥದಲ್ಲ ಎಂದು ಮೈಸೂರಿನಲ್ಲೂ ಹೇಳಿ ಕಳಿಸಿದರು. ಸುಗ್ಗಿ ಮುಗಿಯುವವರೆಗೆ ಮುದ್ದೆ ತೊಳಸಿದ್ದು ವೀರಭದ್ರಸ್ವಾಮಿಯೇ. ಮೊದಲ ವಾರ ಬಾಗಿಲು ಹಾಕಿಕೊಂಡು ತೊಳಸಿದ. ಎರಡನೆಯ ವಾರ ಗಂಟುಗಳು ಕಡಿಮೆಯಾದವು. ಹೊಟ್ಟೆಯೂ ಸ್ವಲ್ಪ ಇಳಿಯಿತು.

ಆದರೆ ಇದರಿಂದ ಅವನಿಗೆ ಬುದ್ಧಿ ಬಂತೆಂದು ಯಾರೂ ದುಡುಕಿ ಸಂತೋಷಪಡಬಾರದು. ಅಭಿಪ್ರಾಯಗಳು ಹೊಟ್ಟೆಯಂತಲ್ಲ, ಇಳಿಯುವುದಿಲ್ಲ. ಬಾಗಿಲು ತೆರೆದು ತೊಳಸುವ ಧೈರ್ಯ ಬಂದ ದಿನದಿಂದಲೇ ಅವನು ಮುದ್ದೆಯ ಮಹಾಪಂಡಿತನಾದ. ಇದು ಮೊದಲಿಂದಲೂ ಗಂಡಸರ ವಿದ್ಯೆ, ಹೆಂಗಸರು ಇಷ್ಟು ಕಾಲ ಬರೀ ತೋಳಿನಿಂದ ತೊಳಸಿ ಕೆಡಿಸಿಕೊಂಡರು, ನಿಜವಾದ ಶಕ್ತಿ ಇರುವುದು ಮಣಿಕಟ್ಟಿನಲ್ಲಿ ಎಂದು ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗುರುತಿಲ್ಲದವರಿಗೂ ಹೇಳತೊಡಗಿದ. ಕೆ.ಆರ್. ನಗರದ ನಾದಿನಿಯ ಮನೆಗೆ ಹೋದವನು ಅವಳ ಕೈಯಿಂದ ಕೋಲು ಕಿತ್ತುಕೊಂಡು ಕಲಿಸಿ ಬಂದ. ರಾಮಮ್ಮನಿಗೂ ಕಲಿಸಿದ, ಹೊಸಿಲಿನ ಈಚೆ ನಿಲ್ಲಿಸಿಕೊಂಡು.

ಕಾರ್ತಿಕದ ಹೊತ್ತಿಗೆ ಪುಟ್ಟಮಲ್ಲಮ್ಮನ ಭುಜ ಸಡಿಲವಾಯಿತು. ಹುಣಸೂರಿನ ಡಾಕ್ಟರು ಕೈ ಎತ್ತಿಸಿ ನೋಡಿ, ಯಾವ ಔಷಧಿಯಲ್ಲಿ ಇಷ್ಟು ಗುಣವಾಯಿತು ಎಂದು ಆಶ್ಚರ್ಯಪಟ್ಟರು. ವೀರಭದ್ರಸ್ವಾಮಿ ಅವರಿಗೆ ತೈಲದ ಹೆಸರು ಬರೆದುಕೊಟ್ಟ.

ಮುಂದಿನ ವರ್ಷ ಸುಗ್ಗಿ ಶುರುವಾದ ದಿನ ಅವಳು ದೇವರಮನೆಯ ಮೇಲಿನ ಗೂಡಿಗೆ ಬಲಗೈಯನ್ನೇ ಎತ್ತಿ ದೀಪ ಇಡುತ್ತಿದ್ದಳು. ಗಂಡ ಹಿಂದೆ ನಿಂತು, ಎಸರಿಗೆ ಹಿಟ್ಟು ಬೀಳಬೇಕಾದ ಕೋನದ ಬಗ್ಗೆ ತಾನು ಹೊಸದಾಗಿ ಕಂಡುಕೊಂಡ ಸೂಕ್ಷ್ಮವೊಂದನ್ನು ವಿವರಿಸುತ್ತಿದ್ದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಒಳಗೆ ಕುದೀತಾ ಅದೆ, ಹೋಗಿ" ಎಂದಳು. ಅವನು ಪಂಚೆ ಎತ್ತಿಕಟ್ಟಿಕೊಂಡು ಹೋದ.